ಅಜ್ಜಿಯ ಇಳಕಲ್ ಸೀರೆಯಿಂದ ಹೊಲಿದ ಕುಶನ್ ಕವರ್ ಇಪ್ಪತ್ತೇ ದಿನಕ್ಕೆ ಹರಿಯಿತು. ತಪ್ಪು ಬಟ್ಟೆಯದಾ, ನನ್ನದಾ?

ಮೂರನೇ ಮಹಡಿ:

ಎಲ್ಲರಿಗೂ ನಮಸ್ಕಾರ. ಹೊಲಿಗೆ ಬಲ್ಲವರು ಸ್ವಲ್ಪ ದಾರಿ ತೋರಿಸಿ.

ನಮ್ಮ ದಿವಾನದ ಮೇಲೆ 16 ಇಂಚಿನ ಐದು ಕುಶನ್ ಇವೆ. ಅಂಗಡಿಯಿಂದ ತಂದ ಕವರ್‌ಗಳು ಬಣ್ಣ ಹೋಗಿ ಕಾಲೊರಸಿನ ಹಾಗೆ ಆಗಿದ್ದವು. ಅದೇ ಹೊತ್ತಿಗೆ ಗಜೇಂದ್ರಗಡದಿಂದ ಅವ್ವ ಒಂದು ಗಂಟು ಕಳಿಸಿದ್ದಳು. ಬಿಚ್ಚಿದರೆ ಅಜ್ಜಿಯ ಇಳಕಲ್ ಸೀರೆ. ಹದಿನಾರು ಮೊಳದ್ದು, ಅಂದರೆ ಎಂಟು ಗಜ. ದಾಳಿಂಬೆ ಬಣ್ಣದ ಒಡಲು, ಗೋಮಿ ನಮೂನೆಯ ದಡಿ (ಅಂಚು), ಕೆಂಪು ಸೆರಗಿನ ಮೇಲೆ ಹಣಿಗೆ ಹಲ್ಲಿನಂಥ ಬಿಳಿ ಚಿತ್ತಾರ. ಅಜ್ಜಿ ಹೋಗಿ ಆರು ವರ್ಷವಾಯಿತು. ನನಗೆ ಕಚ್ಚೆ ಹಾಕಲು ಬರುವುದಿಲ್ಲ. ನುಸಿಗುಳಿಗೆ ವಾಸನೆಯಲ್ಲಿ ಬೀರುವಿನೊಳಗೆ ಬಿದ್ದಿರುವುದಕ್ಕಿಂತ ದಿನಾ ಕಣ್ಣಿಗೆ ಬೀಳಲಿ ಅಂದುಕೊಂಡೆ. ಅವ್ವನಿಗೆ ಫೋನ್ ಮಾಡಿ ಕೇಳಿದೆ. "ನಿಂದ ಐತಿ, ಏನರ ಮಾಡ್ಕೊ" ಅಂದಳು. ಅದು ಒಪ್ಪಿಗೆಯೋ ಬೇಸರವೋ ಇನ್ನೂ ಗೊತ್ತಾಗಿಲ್ಲ.

ಮೊದಲು ಒಂದನ್ನೇ ಹೊಲಿದು ನೋಡಿದೆ, ಅಷ್ಟು ಬುದ್ಧಿ ಇತ್ತು. ಹದಿನಾರೂವರೆ ಇಂಚಿನ ಎರಡು ಚೌಕ ಕತ್ತರಿಸಿದೆ, ಎರಡೂ ಸೀರೆಯದೇ. ಕಾಲು ಇಂಚು ಬಿಟ್ಟು ಹೊಲಿದೆ. ಒಂದು ಬದಿಗೆ ಜಿಪ್ ಇಟ್ಟೆ. ಗಟ್ಟಿಯಾಗಲಿ ಅಂತ ಹೊಲಿಗೆ ಚಿಕ್ಕದು ಮಾಡಿದೆ, ಹೊಲಿಗೆ ಉದ್ದದ ಡಯಲ್ 1.5 ಮಿಲಿಮೀಟರಿನಲ್ಲಿತ್ತು. ಸೂಜಿ 16ನೇ ನಂಬರಿನದು. ಹಿಂದಿನ ವಾರ ಮಗನ ಜೀನ್ಸ್ ಪ್ಯಾಂಟ್ ಗಿಡ್ಡ ಮಾಡಿದ್ದೆ, ಅದನ್ನೇ ಬಿಟ್ಟಿದ್ದೆ. ನೋಡಲು ಬಹಳ ಚೆನ್ನಾಗಿ ಬಂತು. ಫೋಟೊ ತೆಗೆದು ಅಕ್ಕನಿಗೂ ಕಳಿಸಿದೆ. ಇಪ್ಪತ್ತು ದಿನ ಆಗಿರಬೇಕು, ಮಗ ಅದನ್ನು ತಲೆಯ ಕೆಳಗೆ ಹಾಕಿಕೊಂಡು ಕ್ರಿಕೆಟ್ ನೋಡುತ್ತಿದ್ದ, ಪರ್ ಅಂತ ಸದ್ದು. ಜಿಪ್ಪಿನ ಉದ್ದಕ್ಕೂ ಬಿಟ್ಟಿತ್ತು. ದಾರ ಹೋಗಿಲ್ಲ, ಹೊಲಿಗೆ ಹಾಗೇ ಇದೆ. ಹೊಲಿಗೆಯ ಪಕ್ಕದಲ್ಲಿ ಬಟ್ಟೆ ಹರಿದಿದೆ, ಅಂಚೆಚೀಟಿ ಹರಿದ ಹಾಗೆ ನೇರವಾಗಿ.

ಈಗ ಉಳಿದ ಸೀರೆಗೆ ಕತ್ತರಿ ಹಾಕಲು ಕೈ ಬರುತ್ತಿಲ್ಲ. ದೀಪಾವಳಿಗೆ ಅವ್ವ ಬರುತ್ತಾಳೆ, ಇನ್ನು 18 ದಿನ. ಈ ಬಟ್ಟೆಯಲ್ಲಿ ಕುಶನ್ ಕವರ್ ಆಗುತ್ತದಾ, ಬಿಟ್ಟುಬಿಡಲಾ? ಆಗುವುದಾದರೆ ಜಿಪ್ ಬೇಕಾ ಬೇಡವಾ? ಸೆರಗನ್ನು ಏನು ಮಾಡಲಿ?


ಸುಮ್ನೆ ಓದುವವ:

ನಮ್ಮ ಬೀದಿಯ ಟೈಲರ್ ಒಂದು ಕವರ್‌ಗೆ 100 ರೂಪಾಯಿ ತೆಗೆದುಕೊಳ್ಳುತ್ತಾರೆ. ಐದಕ್ಕೆ 500. ಕೊಟ್ಟು ನೆಮ್ಮದಿಯಾಗಿ ಇರಿ.


ಮೂರನೇ ಮಹಡಿ:

ಕೇಳಿದೆ ಸರ್. ಹಳೆ ಸೀರೆ ಅಂತ ಕಂಡ ಕೂಡಲೇ "ಇದು ನಿಲ್ಲಲ್ಲ ಮೇಡಂ, ಹರಿದರೆ ನನ್ನ ಮೇಲೆ ಬರುತ್ತೆ" ಅಂದು ವಾಪಸ್ ಕೊಟ್ಟರು. ಅವರದ್ದು ತಪ್ಪು ಅಂತಲೂ ಹೇಳಲಾರೆ.


ಕಾಲು ಮಿಷನ್:

ನೋಡಮ್ಮ, ನೀನು ಬರೆದಿದ್ದರಲ್ಲೇ ಉತ್ತರ ಇದೆ. ಹೊಲಿಗೆ ಬಿಟ್ಟಿಲ್ಲ, ಪಕ್ಕದಲ್ಲಿ ಬಟ್ಟೆ ಹರಿದಿದೆ ಅಂದೆಯಲ್ಲ. ಅಂಚೆಚೀಟಿ ಹೇಗೆ ಹರಿಯುತ್ತದೆ? ತೂತು ಹೊಡೆದಿರುತ್ತಾರೆ, ಅದಕ್ಕೆ. ನೀನು ಮಾಡಿದ್ದೂ ಅದೇ. 16ನೇ ನಂಬರ್ ಸೂಜಿ ಜೀನ್ಸಿಗೆ ಸರಿ. ಅದನ್ನು ತೊಳೆದು ತೊಳೆದು ಸವೆದ ಹತ್ತಿ ನೂಲಿಗೆ ಹಾಕಿ, ಡಯಲ್ 1.5ರಲ್ಲಿ ಇಟ್ಟರೆ ಇಂಚಿಗೆ 17 ತೂತು ಬೀಳುತ್ತವೆ. ಹೊಸ ಬಟ್ಟೆಗೆ ಸಣ್ಣ ಹೊಲಿಗೆ ಗಟ್ಟಿ, ಹಳೆ ಬಟ್ಟೆಗೆ ಅದೇ ಶತ್ರು. ಮೇಲಿಂದ ಕಾಲು ಇಂಚು ಬಿಟ್ಟಿದ್ದೀಯ. ಎಳೆ ಬಿಚ್ಚಿಕೊಂಡರೆ ಹಿಡಿದುಕೊಳ್ಳಲು ಅಲ್ಲಿ ಏನೂ ಇಲ್ಲ.

ನನ್ನದು ಸಾಗರದ ಹತ್ತಿರ ಊರು. ಮದುವೆಯಲ್ಲಿ ತವರಿನವರು ಕೊಟ್ಟ ಉಷಾ ಕಾಲು ಮಿಷನ್ನಿನಲ್ಲೇ ಈವತ್ತಿಗೂ ಹೊಲಿಯುತ್ತೇನೆ. ಬೆಲ್ಟು ನಾಲ್ಕೋ ಐದೋ ಸಲ ಬದಲಾಗಿದೆ, ಮಿಷನ್ ಅದೇ. ಹಳೆ ಸೀರೆಯ ಕವರ್ ಲೆಕ್ಕ ಇಟ್ಟಿಲ್ಲ, ಬಹಳ ಹೊಲಿದಿದ್ದೇನೆ. ಮೊದಮೊದಲು ನನ್ನವೂ ಹರಿದವು. ಅದಕ್ಕೇ ಹೇಳುತ್ತಿದ್ದೇನೆ, ಸೀರೆ ಕುಶನ್ನಿನ ಭಾರ ಹೊರುವುದಿಲ್ಲ. ಹೊರುವ ಕೆಲಸ ಬೇರೆ ಬಟ್ಟೆಗೆ ಕೊಡು. ಸೀರೆ ಮೇಲೆ ಕುಳಿತು ಚಂದ ಕಾಣಲಿ ಸಾಕು.

ಮೊದಲನೇ ಕೆಲಸ ಕತ್ತರಿಯದಲ್ಲ, ಕಿಟಕಿಯದು. ಬೆಳಗಿನ ಬಿಸಿಲು ಬರುವ ಕಿಟಕಿಗೆ ಸೀರೆಯನ್ನು ಮೊಳ ಮೊಳ ಅಡ್ಡ ಹಿಡಿದು ನೋಡು. ಎಲ್ಲಿ ಬೆಳಕು ಜರಡಿಯಲ್ಲಿ ಬಂದ ಹಾಗೆ ಬರುತ್ತದೋ ಆ ಜಾಗ ಬೇಡ ಅಂತ ಸೀಮೆಸುಣ್ಣದಿಂದ ಅಡ್ಡಗೀಟು ಹಾಕು. ಅಜ್ಜಿ ಕಚ್ಚೆ ಹಾಕಿ ಉಡುತ್ತಿದ್ದರು ಅಂದರೆ ಕಚ್ಚೆಯ ಭಾಗ ಮತ್ತು ಕೂರುವ ಭಾಗ ಹೋಗಿರುತ್ತದೆ. ಒಳಗೆ ಸಿಕ್ಕಿಸುತ್ತಿದ್ದ ತುದಿ ಬಹಳ ಸಲ ಹೊಸದರ ಹಾಗೇ ಇರುತ್ತದೆ. ಮಡಿಕೆ ಗೆರೆಗಳನ್ನೂ ಬೆರಳಿನಿಂದ ಎರಡು ಕಡೆ ಮೆಲ್ಲಗೆ ಎಳೆದು ನೋಡು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇದ್ದ ಸೀರೆ ಆ ಗೆರೆಯಲ್ಲೇ ಒಡೆಯುತ್ತದೆ, ರೇಷ್ಮೆ ಇರುವ ಕಡೆ ಇನ್ನೂ ಬೇಗ. ಎಂಟು ಗಜ ಅಂದರೆ 288 ಇಂಚು. ಅದರಲ್ಲಿ ಐದು ಒಳ್ಳೆಯ ಚೌಕ ಸಿಗದೇ ಹೋಗುವುದಿಲ್ಲ.

ಇನ್ನು ಹೊರುವ ಬಟ್ಟೆ. ಕೋರಾ ಕಾಟನ್ ತಗೋ, ಅಂದರೆ ಬಿಳಿ ಮಾಡದ, ಬಣ್ಣ ಹಾಕದ ಹತ್ತಿ ಬಟ್ಟೆ, 44 ಇಂಚು ಪನ್ನದ್ದು (ಪನ್ನ ಅಂದರೆ ಬಟ್ಟೆಯ ಅಗಲ). ಎರಡೂವರೆ ಮೀಟರ್ ತಂದು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಹಾಕು. ಇದನ್ನು ಬಿಡಬೇಡ. ಕೋರಾ ಚೆನ್ನಾಗಿ ಕುಗ್ಗುತ್ತದೆ, ಸೀರೆ ಕುಗ್ಗಿ ಕುಗ್ಗಿ ಆಗಲೇ ಮುಗಿದಿದೆ. ನೆನೆಸದೆ ಹೊಲಿದರೆ ಮೊದಲ ಒಗೆತದಲ್ಲಿ ಒಳಪದರ ಚಿಕ್ಕದಾಗಿ ಮೇಲಿನ ಸೀರೆ ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ.

ಅಳತೆ ಹೇಳುತ್ತೇನೆ, ಬರೆದುಕೋ. ಹೊಸ ಬಟ್ಟೆಯಾದರೆ 16 ಇಂಚಿನ ಕುಶನ್‌ಗೆ 16ರದ್ದೇ ಕವರ್ ಬಿಗಿಯಾಗಿ ಹೊಲಿಯಬಹುದು, ಕೆಲವರು 15 ಕೂಡ ಮಾಡುತ್ತಾರೆ, ಉಬ್ಬಿ ಚಂದ ಕಾಣುತ್ತದೆ. ಹಳೆ ಸೀರೆಗೆ ಆ ಆಸೆ ಬೇಡ. ಹದಿನಾರೂವರೆ ಬರಲಿ, ಸ್ವಲ್ಪ ಸಡಿಲ ಇರಲಿ. ಎಲ್ಲ ಬದಿಗೂ ಅರ್ಧ ಇಂಚು ಹೊಲಿಗೆಗೆ ಬಿಡು. ಹಾಗಾದರೆ ಮುಂಭಾಗ 17.5 ಇಂಚಿನ ಚೌಕ. ಸೀರೆಯದೊಂದು, ಕೋರಾದ್ದೊಂದು. ಹಿಂಭಾಗಕ್ಕೆ ಕೋರಾದ ಎರಡು ತುಂಡು, 17.5 ಉದ್ದ, 12.5 ಅಗಲ. ಜಿಪ್ ಬೇಡ. ಎರಡು ತುಂಡಿನ ಒಂದೊಂದು ಅಂಚನ್ನು ಒಂದೂಕಾಲು ಇಂಚು ಮಡಿಸಿ ಹೊಲಿ. ಒಂದರ ಮೇಲೆ ಒಂದು ಇಟ್ಟರೆ ನಡುವೆ 5 ಇಂಚು ಮುಚ್ಚಿಕೊಳ್ಳುತ್ತದೆ. ದಿಂಬಿನ ಕವರ್ ಹಾಕಿದ ಹಾಗೆ ಒಳಗೆ ತೂರಿಸುವುದು.

ಪನ್ನ ಅಡ್ಡಕ್ಕೆ ಲೆಕ್ಕ ಹಾಕು. 17.5, ಆಮೇಲೆ 12.5 ಎರಡು. ಒಟ್ಟು 42.5. ಅಂದರೆ ಹದಿನೇಳೂವರೆ ಇಂಚಿನ ಒಂದು ಪಟ್ಟಿಯಲ್ಲಿ ಒಂದು ಕವರ್ ಸರಿಯಾಗಿ ಕೂರುತ್ತದೆ, ಹೆಚ್ಚೆಂದರೆ ಒಂದೂವರೆ ಇಂಚಿನ ಚೂರು ಉಳಿಯುತ್ತದೆ. ಕುಗ್ಗಿದ ಮೇಲೆ ಪನ್ನ 42ಕ್ಕೆ ಇಳಿದಿದ್ದರೆ ಗಾಬರಿ ಬೇಡ, ಹಿಂಭಾಗದ ತುಂಡು 12 ಮಾಡು, ಮುಚ್ಚಿಗೆ 4 ಇಂಚು ಉಳಿಯುತ್ತದೆ.

ಸೂಜಿ 11ನೇ ನಂಬರ್, ಹೊಸದು. ಹಳೆ ಸೂಜಿಯ ಮೊನೆ ಮೊಂಡಾಗಿದ್ದರೆ ಎಳೆಯನ್ನು ಸರಿಸುವುದಿಲ್ಲ, ಕಡಿಯುತ್ತದೆ. ಡಯಲ್ 2.5ರಿಂದ 3ರ ನಡುವೆ ಇರಲಿ. ಮೂಲೆಗೆ ಬಂದಾಗ ಸೂಜಿ ಕೆಳಗಿರುವಂತೆ ನಿಲ್ಲಿಸಿ ಬಟ್ಟೆ ತಿರುಗಿಸು. ಆಮೇಲೆ ಅಂಚಿಗೆ ಓವರ್‌ಲಾಕ್ ಮಾಡಿಸು, ಇಲ್ಲವಾದರೆ ಜಿಗ್‌ಜಾಗ್ ಹಾಕು. ಮೂಲೆಯ ಚೂರನ್ನು ಬಹಳ ಹತ್ತಿರಕ್ಕೆ ಕತ್ತರಿಸಬೇಡ. ತಿರುಗಿಸುವಾಗ ಪೆನ್ಸಿಲ್ ಮೊನೆಯಿಂದ ಚುಚ್ಚುವ ಅಭ್ಯಾಸ ಎಲ್ಲರಿಗೂ ಇದೆ, ಹಳೆ ಸೀರೆ ಅಲ್ಲೇ ತೂತಾಗುತ್ತದೆ. ನಾನು ಮರದ ಸೌಟಿನ ಹಿಡಿ ಬಳಸುತ್ತೇನೆ.

ಸೆರಗಿನ ಮಾತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಓಡುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಮಗ್ಗದಲ್ಲೇ ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಸೇರಿದ ಗೆರೆಯ ಪಕ್ಕದಲ್ಲಿ ಕತ್ತರಿ ಹಾಕಿದರೆ ಕೊಂಡಿಯ ಎಳೆ ಜಾರಿ ಬರುತ್ತದೆ. ನನ್ನನ್ನು ಕೇಳಿದರೆ ಸೆರಗಿನ ಗೊಡವೆಗೆ ಹೋಗಬೇಡ. ಗೆರೆಯಿಂದ ಒಂದು ಗೇಣು ಒಡಲನ್ನೂ ಸೇರಿಸಿ ಹಾಗೇ ಇಟ್ಟುಕೋ.


ಮಾಸ್ಕ್ ಹೊಲಿದವನು:

ಕಾಲು ಮಿಷನ್ ಅಮ್ಮ ಹೇಳಿದ್ದರಲ್ಲಿ ಒಂದು ಬಿಟ್ಟು ಉಳಿದಿದ್ದಕ್ಕೆಲ್ಲ ಕೈ ಮುಗಿಯುತ್ತೇನೆ. ಜಿಪ್ ವಿಷಯದಲ್ಲಿ ಮಾತ್ರ ನನ್ನದೊಂದು ತಕರಾರು.

ನಾನು ಹೊಲಿಗೆ ಕಲಿತಿದ್ದು 2020ರ ಲಾಕ್‌ಡೌನ್‌ನಲ್ಲಿ. ಮಾಸ್ಕ್ ಹೊಲಿಯಲು ಹೆಂಡತಿಯ ಮಿಷನ್ ಮುಂದೆ ಕುಳಿತವನು ಮತ್ತೆ ಎದ್ದಿಲ್ಲ. ಈಗ ಮನೆಯಲ್ಲಿ ಕುಶನ್ ಇಲಾಖೆ ನನ್ನದೇ. ನಮ್ಮಲ್ಲಿ ಎರಡು ಮಕ್ಕಳಿವೆ. ಮುಚ್ಚಿಗೆಯ ಕವರ್ ಹಾಕಿದ ದಿನವೇ ಸಂಜೆ ಅದರೊಳಗಿಂದ ಚಕ್ಕುಲಿ ಚೂರು, ರಿಮೋಟಿನ ಸೆಲ್ಲು, ಒಂದು ಕಾಲುಚೀಲ ಸಿಕ್ಕವು. ಮಕ್ಕಳಿಗೆ ಅದು ಕವರ್ ಅಲ್ಲ, ಜೇಬು. ಕುಶನ್ ಕೂಡ ಅರ್ಧ ಹೊರಗೆ ನಾಲಿಗೆ ಚಾಚಿಕೊಂಡಿರುತ್ತದೆ. ಅದಕ್ಕೇ ನಾನು ಜಿಪ್ ಪಕ್ಷ.

ನಿಮ್ಮ ಕವರ್ ಹರಿದಿದ್ದು ಜಿಪ್ಪಿನ ಗಟ್ಟಿ ಪಟ್ಟಿಯನ್ನು ಮೆತ್ತನೆ ಸೀರೆಗೆ ನೇರವಾಗಿ ಸೇರಿಸಿದ್ದರಿಂದ. ಕೋರಾಗೆ ಹಾಕಿದರೆ ಏನೂ ಆಗುವುದಿಲ್ಲ. ಹಿಂಭಾಗದ ಎರಡು ತುಂಡಿನ ನಡುವೆ ಜಿಪ್ ಬರಲಿ. ಸೀರೆಗೂ ಜಿಪ್ಪಿಗೂ ಸಂಬಂಧವೇ ಬೇಡ. ಮೀಟರ್ ಲೆಕ್ಕದಲ್ಲಿ ಜಿಪ್ ಸಿಗುತ್ತದೆ, ಎಳೆಯುವ ರನ್ನರ್ ಬೇರೆ ಕೊಡುತ್ತಾರೆ. 3ನೇ ನಂಬರಿನ ನೈಲಾನ್ ಜಿಪ್ ಸಾಕು. ಮೊದಲು ಎರಡು ತುಂಡನ್ನು ಉದ್ದ ಉದ್ದ ಕಚ್ಚಾ ಹೊಲಿಗೆಯಲ್ಲಿ ಸೇರಿಸಿ ಇಸ್ತ್ರಿ ಹಾಕಿ. ಅದರ ಮೇಲೆ ಜಿಪ್ ಕವುಚಿ ಇಟ್ಟು ಎರಡೂ ಕಡೆ ಹೊಲಿಯಿರಿ. ಆಮೇಲೆ ಕಚ್ಚಾ ಹೊಲಿಗೆ ಬಿಚ್ಚಿ. ಜಿಪ್ ಫುಟ್ ಇದ್ದರೆ ಹಲ್ಲಿನ ಪಕ್ಕದಲ್ಲೇ ಓಡಿಸಬಹುದು.

ಇನ್ನೊಂದು ಮಾತು. ನಾಲ್ಕು ಬದಿ ಹೊಲಿಯುವ ಮುಂಚೆ ಜಿಪ್ಪನ್ನು ಅರ್ಧ ತೆರೆದಿಡಿ. ನಾನು ಒಮ್ಮೆ ಪೂರ್ತಿ ಮುಚ್ಚಿ, ನಾಲ್ಕೂ ಬದಿ ಹೊಲಿದು, ಓವರ್‌ಲಾಕ್ ಕೂಡ ಮಾಡಿಸಿ ತಂದೆ. ತಿರುಗಿಸಲು ಹೋದರೆ ದಾರಿಯೇ ಇಲ್ಲ. ರನ್ನರ್ ಒಳಗೆ, ನಾನು ಹೊರಗೆ. ಟೈಲರ್‌ಗಳು ಬ್ಲೇಡಿನಿಂದ ಸರಕ್ ಅಂತ ಬಿಚ್ಚುವುದನ್ನು ನೋಡಿದ್ದೆನಲ್ಲ, ಅದೇ ಧೈರ್ಯದಲ್ಲಿ ಹೊಲಿಗೆಯ ಜೊತೆ ಬಟ್ಟೆಯನ್ನೂ ಬಿಚ್ಚಿದೆ. ಹೊಲಿಗೆ ಬಿಚ್ಚುವ ಪುಟ್ಟ ಕವೆಕಡ್ಡಿ ಬರುತ್ತದೆ, ಅದನ್ನೇ ಕೊಳ್ಳಿ.


ಕಾಲು ಮಿಷನ್:

ರನ್ನರ್ ಒಳಗೆ, ನಾನು ಹೊರಗೆ. ಓದಿ ಸೊಸೆಗೂ ಹೇಳಿದೆ, ಇಬ್ಬರೂ ನಕ್ಕೆವು. ಮಕ್ಕಳಿರುವ ಮನೆಗೆ ನೀವು ಹೇಳಿದ್ದು ಸರಿ. ನಮ್ಮನೆಯಲ್ಲಿ ಈಗ ಕಾಲುಚೀಲ ತುರುಕುವವರು ಯಾರೂ ಇಲ್ಲ. ಆದರೆ ಹೊಸಬರಿಗೆ ಐದು ಜಿಪ್ ಅಂದರೆ ಐದು ತಲೆನೋವು, ಹಬ್ಬ ಬೇರೆ ಹತ್ತಿರ ಬಂದಿದೆ. ಮುಚ್ಚಿಗೆಯ ಒಳಗೆ ಎರಡು ಕಡೆ ಕಟ್ಟುವ ಕಸೆ (ಬಟ್ಟೆಯ ದಾರ) ಹೊಲಿದುಬಿಟ್ಟರೆ ಕುಶನ್ ನಾಲಿಗೆ ಚಾಚುವುದಿಲ್ಲ. ಹಿಂದೆ ಜಿಪ್ ಎಲ್ಲಿತ್ತು? ದಿಂಬಿಗೆ ಕಸೆಯೇ.


ಧಾರವಾಡದ ಕೌದಿ:

ಇಳಕಲ್ ಸೀರೆಗೆ ಕತ್ತರಿ ಅಂತ ಶೀರ್ಷಿಕೆ ನೋಡಿ ಬೈಯಲು ಬಂದೆ. ಓದಿದ ಮೇಲೆ ಬೈಗುಳ ನುಂಗಿಕೊಂಡೆ. ಯಾಕೆಂದರೆ ನಮ್ಮ ಕಡೆ ಹಳೆ ಸೀರೆಯ ಕಡೆಯ ಊರು ಯಾವುದು ಹೇಳಿ? ಕೌದಿ, ಹಳೆ ಬಟ್ಟೆಯ ಪದರ ಸೇರಿಸಿ ಹೊಲಿದ ಹೊದಿಕೆ. ನನ್ನ ಅತ್ತೆಯ ಮನೆಯಲ್ಲಿ ಹೊದೆಯುವ ಕೌದಿಯಲ್ಲಿ ಅವರ ಅತ್ತೆಯ ಸೀರೆಯ ದಡಿ ಇದೆ. ಕತ್ತರಿಸಿದವರು ಅವರೇ. ಹಾಗಾಗಿ ನಿಮ್ಮ ಅವ್ವನ "ಏನರ ಮಾಡ್ಕೊ" ಬೇಸರದ್ದಾಗಿರಲಿಕ್ಕಿಲ್ಲ.

ಕಾಲು ಮಿಷನ್ ಅವರು ಸೀರೆಯ ಕೆಳಗೆ ಕೋರಾ ಇಡಿ ಅಂದರು. ಸರಿ. ಆದರೆ ನಾಲ್ಕು ಅಂಚಿನಲ್ಲಿ ಮಾತ್ರ ಸೇರಿಸಿದರೆ ನಡುವೆ ಸೀರೆ ಜೋಲು ಬೀಳುತ್ತದೆ, ತಲೆ ಇಟ್ಟಾಗ ಎಳೆತ ಸೀರೆಯ ಮೇಲೇ ಬೀಳುತ್ತದೆ. ಅದಕ್ಕೆ ಕೌದಿ ಹೊಲಿಗೆ ಹಾಕಿ. ಮಿಷನ್ ಬೇಡ, ಕೈಯಲ್ಲಿ. ಕೋರಾದ ಮೇಲೆ ಸೀರೆಯ ಚೌಕ ಹಾಸಿ, ಸುಕ್ಕು ತೆಗೆದು, ನಡುವೆ ಒಂದು ದೊಡ್ಡ ಕಚ್ಚಾ ಹೊಲಿಗೆ ಹಾಕಿ ನಿಲ್ಲಿಸಿ. ಆಮೇಲೆ ಅಂಚಿನಿಂದ ಶುರುಮಾಡಿ ಸುತ್ತ ಸುತ್ತ ಒಳಗೆ ಬನ್ನಿ, ಸಾಲಿಗೂ ಸಾಲಿಗೂ ಎರಡು ಬೆರಳು ಬಿಟ್ಟು. ಹೊಲಿಗೆ ಜೋಳದ ಕಾಳಿನಷ್ಟು ಇದ್ದರೆ ಸಾಕು. ದಾರವನ್ನು ಜಗ್ಗಬಾರದು, ಜಗ್ಗಿದರೆ ಬಟ್ಟೆ ಮುದುಡುತ್ತದೆ. ಈ ಸಾಲುಗಳು ಬಿದ್ದ ಮೇಲೆ ಸೀರೆ ಎಲ್ಲಾದರೂ ಸೀಳಿದರೂ ಆ ಎರಡು ಬೆರಳಿನ ಒಳಗೇ ನಿಲ್ಲುತ್ತದೆ, ಮುಂದೆ ಓಡುವುದಿಲ್ಲ.

ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ, ಅಂದರೆ ಅವರ ಕೌದಿ, ನೋಡಿದ್ದೀರಾ? ಅವರೂ ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಿಸಿದ ತ್ರಿಕೋನದ ಹೂವು. ಅದನ್ನು ಫೂಲ್ ಅನ್ನುತ್ತಾರೆ. ಆ ಹೂವು ಇಲ್ಲದಿದ್ದರೆ ಕವಂದಿ ಬೆತ್ತಲೆ ಅಂತ ಅವರ ಲೆಕ್ಕ. ನಾನು ಒಂದು ಕುಶನ್‌ಗೆ ಹಾಗೆ ದಡಿಯ ಚೂರಿನಲ್ಲಿ ಮಾಡಿ ನೋಡಿದೆ. ಕವರ್‌ನ ಮೂಲೆಗಳು ಕಿವಿ ನಿಮಿರಿಸಿಕೊಂಡು ಕಾಣುವುದು ತಪ್ಪಿತು, ಅದೇ ದೊಡ್ಡ ಲಾಭ.

ಕಸೂತಿ ಹಾಕುವ ಆಸೆ ಯಾರಿಗಾದರೂ ಇದ್ದರೆ ಈ ಹಳೆ ಬಟ್ಟೆಯ ಮೇಲೆ ಬೇಡವೇ ಬೇಡ. ಕಸೂತಿಯ ಗವಂತಿ, ಮುರಗಿ ಹೊಲಿಗೆ ಹಾಕುವಾಗ ಎಳೆ ಎಣಿಸಬೇಕು. ಸವೆದ ಬಟ್ಟೆಯಲ್ಲಿ ಎಣಿಸಲು ಎಳೆ ಉಳಿದಿರಬೇಕಲ್ಲ!

ಬಣ್ಣದ್ದೂ ಒಂದು ಮಾತು. ಕತ್ತರಿಸುವ ಮೊದಲು ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಕೆಂಪು ಭಾಗದ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಕೆಂಪು ಹತ್ತಿದರೆ ಕೋರಾ ಗುಲಾಬಿ ಆಗುವುದು ಗ್ಯಾರಂಟಿ. ಆಗ ಮೊದಲೇ ಸೀರೆಯನ್ನು ತಣ್ಣೀರಿನಲ್ಲಿ ಎರಡು ಮೂರು ಸಲ ಜಾಲಿಸಿ ನೆರಳಲ್ಲಿ ಒಣಗಿಸಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹಾಕಿದ್ದೆ. ಗಂಡನ ಬಿಳಿ ಪಂಚೆಗೆ ಇನ್ನೂ ಅದರ ನೆನಪಿದೆ.


ಮೂರನೇ ಮಹಡಿ:

ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ನಿನ್ನೆ ಬೆಳಗ್ಗೆ ಕಿಟಕಿಯ ಕೆಲಸ ಮಾಡಿದೆ. ಕಾಲು ಮಿಷನ್ ಅಮ್ಮ, ನೀವು ಹೇಳಿದ ಹಾಗೇ ಇದೆ! ಕಚ್ಚೆಯ ಭಾಗ ಜರಡಿ. ಒಳಗೆ ಸಿಕ್ಕಿಸುವ ತುದಿ ಮಾತ್ರ ಬಣ್ಣವೂ ಗಾಢ, ಬಟ್ಟೆಯೂ ದಪ್ಪ. ಎರಡೂವರೆ ಮೊಳ ಆ ಕಡೆ, ಸೆರಗಿನ ಹತ್ತಿರ ಇನ್ನೊಂದಿಷ್ಟು. ಲೆಕ್ಕ ಹಾಕಿದರೆ ನಾಲ್ಕು ಚೌಕ ಸರಿಯಾಗಿ ಬರುತ್ತವೆ. ಐದನೆಯದು ಬೇಕೆಂದರೆ ಸೆರಗಿಗೆ ಕೈ ಹಾಕಬೇಕು.

ಎರಡು ಅನುಮಾನ. ದಡಿಯನ್ನು ಚೌಕದೊಳಗೆ ತರಬಹುದಾ? ಸಿಂಥೆಟಿಕ್ ದಾರ ಹಾಕಲಾ, ಹತ್ತಿ ದಾರವಾ?


ಕಾಲು ಮಿಷನ್:

ದಡಿ ಖಂಡಿತ ತಾ. ಚೌಕದ ಕೆಳಗಿನ ಬದಿಗೆ ಬರಲಿ. ಆದರೆ ದಡಿ ರೇಷ್ಮೆ, ಒಡಲು ಹತ್ತಿ, ಎರಡರ ಬಿಗಿ ಬೇರೆ. ದಡಿಯ ಕಡೆ ಬಟ್ಟೆ ಸ್ವಲ್ಪ ಸುರುಟಿಕೊಂಡಿದ್ದರೆ ನೀರು ಚಿಮುಕಿಸಿ, ಮೇಲೆ ಒಂದು ಪಂಚೆ ಹಾಸಿ, ಹದ ಬಿಸಿಯಲ್ಲಿ ಇಸ್ತ್ರಿ ಹಾಕಿ, ಆಮೇಲೆ ಅಳತೆ ಹಿಡಿ. ಎಲ್ಲ ಚೌಕದಲ್ಲೂ ದಡಿ ಅಂಚಿನಿಂದ ಒಂದೇ ದೂರದಲ್ಲಿ ಬರಬೇಕು. ದಿವಾನದ ಮೇಲೆ ಸಾಲಾಗಿ ಇಟ್ಟಾಗ ಒಂದು ಮೇಲೆ ಒಂದು ಕೆಳಗೆ ಆದರೆ ಬೇರೆ ಯಾರಿಗೆ ಕಾಣದಿದ್ದರೂ ನಿನ್ನ ಕಣ್ಣಿಗೆ ದಿನಾ ಚುಚ್ಚುತ್ತದೆ.

ದಾರ ಹತ್ತಿಯದೇ. ಬಟ್ಟೆಗಿಂತ ದಾರ ಗಟ್ಟಿ ಇದ್ದರೆ ಎಳೆದಾಟದಲ್ಲಿ ಹರಿಯುವುದು ಬಟ್ಟೆ. ದಾರ ಹೋದರೆ ಮತ್ತೆ ಹೊಲಿಯಬಹುದು. ಸೀರೆ ಹೋದರೆ ಎಲ್ಲಿಂದ ತರುತ್ತೀಯ?


ಮೂರನೇ ಮಹಡಿ:

ಹಬ್ಬ ಮುಗಿಯಿತು. ಏನಾಯಿತು ಅಂತ ಹೇಳಬೇಕಲ್ಲ.

ನಾಲ್ಕು ಕವರ್ ಆಯಿತು. ಕೌದಿ ಹೊಲಿಗೆಗೇ ಜಾಸ್ತಿ ಹೊತ್ತು ಹಿಡಿಯಿತು, ಒಂದೊಂದಕ್ಕೆ ಎರಡು ಸಂಜೆ. ಮೊದಲನೆಯದರಲ್ಲಿ ದಾರ ಜಗ್ಗಿ ನಡುವೆ ಹೊಕ್ಕಳಿನ ಹಾಗೆ ಆಯಿತು, ಅದನ್ನು ಗೋಡೆಯ ಕಡೆಗೆ ಇಟ್ಟಿದ್ದೇನೆ. ಮೂರನೆಯದರ ಹೊತ್ತಿಗೆ ಕೈ ಕೂತಿತು. ಕೋರಾ ಒಂದು ರಾತ್ರಿ ನೆನೆಸಿದ್ದಕ್ಕೆ ಪನ್ನ ನಿಜವಾಗಿಯೂ 42 ಚಿಲ್ಲರೆಗೆ ಇಳಿದಿತ್ತು. ನೀವು ಮೊದಲೇ ಹೇಳಿದ್ದಕ್ಕೆ ಎದೆ ಒಡೆಯಲಿಲ್ಲ. ಜಿಪ್ ಹಾಕಲಿಲ್ಲ. ಕಸೆ ಹಾಕಿದೆ. ಮಗ ಎರಡನೇ ದಿನವೇ ಒಂದರೊಳಗೆ ಸುರುಸುರು ಬತ್ತಿಯ ಪೊಟ್ಟಣ ಬಚ್ಚಿಟ್ಟಿದ್ದ. ಹಾಗಾಗಿ ಮಾಸ್ಕ್ ಹೊಲಿದ ಅಣ್ಣ ಗೆದ್ದರು ಅಂತಲೇ ಬರೆಯುತ್ತೇನೆ.

ಅವ್ವ ಬಂದಳು. ಮೊದಲು ಕುಶನ್ ತಿರುಗಿಸಿ ಹಿಂಭಾಗ ನೋಡಿದಳು. "ಇದೇನ, ಹಿಟ್ಟಿನ ಚೀಲ ಹೊಲಿದೀ" ಅಂದಳು, ಕೋರಾ ನೋಡಿ. ಆಮೇಲೆ ಮುಂದಕ್ಕೆ ತಿರುಗಿಸಿ ದಡಿಯ ಮೇಲೆ ಕೈ ಆಡಿಸಿದಳು. ಏನೂ ಅನ್ನಲಿಲ್ಲ. ದಿವಾನದ ಮೇಲೆ ಕೂತಳು, ಆದರೆ ಕುಶನ್ನಿಗೆ ಒರಗಲಿಲ್ಲ. ನಾಲ್ಕನ್ನೂ ಪಕ್ಕಕ್ಕೆ ಸರಿಸಿ ಬರೀ ಗೋಡೆಗೆ ಒರಗಿದಳು. ಯಾಕವ್ವ ಅಂದೆ. "ಅವ್ವನ ಸೀರಿಗೆ ಬೆನ್ನ ಹಚ್ಚಲಿ ಹ್ಯಾಂಗ" ಅಂದಳು. ಇದ್ದ ಆರು ದಿನವೂ ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಟಿವಿ ನೋಡಿದಳು. ಸೆರಗನ್ನು ಕತ್ತರಿಸಿಲ್ಲ ಅಂತ ತೋರಿಸಿದೆ. ಅದನ್ನು ಮಡಿಕೆ ಬದಲಿಸಿ ಮಡಚಿ ಕೊಟ್ಟಳು. ವರ್ಷಕ್ಕೊಮ್ಮೆ ಮಡಿಕೆ ಬದಲಿಸಬೇಕಂತೆ.

ಈಗ ಐದನೇ ಕುಶನ್ ಬೋಳಾಗಿ ಕೂತಿದೆ. ಅದಕ್ಕೆ ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಕಳಿಸುತ್ತೇನೆ ಅಂದಿದ್ದಾಳೆ ಅವ್ವ. ಹಸಿರು ಒಡಲು, ಕೆಂಪು ದಡಿ. ಖಣಕ್ಕೂ ಕೋರಾ ಒಳಪದರ ಬೇಕಾ?


ಕಾಲು ಮಿಷನ್:

ಹೊಸ ಖಣಕ್ಕೆ ಒಳಪದರ ಬೇಡ, ಅದೇ ಗಟ್ಟಿ ಇರುತ್ತದೆ. ಬಣ್ಣದ ಪರೀಕ್ಷೆ ಮಾತ್ರ ಬಿಡಬೇಡ. ಖಣದ ಪನ್ನ ಸಣ್ಣದು, ಅದಕ್ಕೇ ಬಂದ ಕೂಡಲೇ ಟೇಪು ಹಿಡಿದು ನೋಡು. ಹದಿನೇಳೂವರೆ ಚೌಕದಲ್ಲಿ ದಡಿ ಎಲ್ಲಿ ಕೂರುತ್ತದೆ ಅಂತ ಮೊದಲು ಹಳೆ ಪೇಪರ್ ಕತ್ತರಿಸಿ ಮೇಲೆ ಇಟ್ಟು ನೋಡಿ, ಆಮೇಲೆ ಕತ್ತರಿ ಹಾಕು. ಈ ಸಲ ಜಿಪ್ ಹಾಕು, ಅರ್ಧ ತೆರೆದಿಟ್ಟುಕೊಂಡು.